ಎದುರು ವಕೀಲರಿಗೆ ರಾಜಿ ಪತ್ರ ಬರೆಯೋದು ಹೇಗೆ? ಒಂದು ಪಾಲಿನ ಕೇಸ್ ಇಟ್ಕೊಂಡು ಹಂತ ಹಂತವಾಗಿ

"ಕೇಸ್ ನಡೀತಾ ಇದೆ ಸಾರ್, ಸಾಕಾಗಿದೆ, ರಾಜಿ ಆಗೋಣ ಅಂತಿದೀವಿ, ಎದುರು ಪಾರ್ಟಿ ಲಾಯರ್‌ಗೆ ಒಂದು ಲೆಟರ್ ಹಾಕ್ಬೇಕು, ಏನಂತ ಬರೆಯೋದು?" ಈ ಪ್ರಶ್ನೆ ಕಕ್ಷಿದಾರರೂ ಕೇಳ್ತಾರೆ, ಈಗಷ್ಟೇ ಪ್ರಾಕ್ಟೀಸ್ ಶುರು ಮಾಡಿರೋ ಜೂನಿಯರ್‌ಗಳೂ ಕೇಳ್ತಾರೆ. ಫೋನಲ್ಲಿ ಒಬ್ಬರಿಗೆ ಅರ್ಧ ಹೇಳಿ ಇನ್ನೊಬ್ಬರಿಗೆ ಇನ್ನರ್ಧ ಹೇಳೋದು ಆಗ್ತಿದೆ, ಅದಕ್ಕೆ ಎಲ್ಲಾನೂ ಒಂದೇ ಕಡೆ ಬರೀತಿದೀನಿ.

ಉದಾಹರಣೆಗೆ ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ದಿನಾ ಬರೋ ಪಾಲಿನ ದಾವೆನೇ ತಗೊಳ್ಳೋಣ. ಅಪ್ಪ ಅಮ್ಮ ಇಬ್ಬರೂ ಇಲ್ಲ, ವಿಲ್ ಇಲ್ಲ. ಇಬ್ಬರು ಅಣ್ಣಂದಿರು, ಒಬ್ಬಳು ತಂಗಿ. 3 ಎಕರೆ 30 ಗುಂಟೆ ಪಿತ್ರಾರ್ಜಿತ ಜಮೀನು, ಊರೊಳಗೆ ಒಂದು ಮನೆ. ತಂಗಿ ಪಾಲು ಕೇಳಿ ದಾವೆ ಹಾಕಿದಾಳೆ, ಅಣ್ಣಂದಿರಿಗೆ ಈಗ ಮಾತಾಡ್ಕೊಂಡು ಮುಗಿಸೋಣ ಅನ್ನಿಸಿದೆ. ಪತ್ರ ಹೋಗೋದು ಅಣ್ಣಂದಿರ ಕಡೆಯಿಂದ ತಂಗಿಯ ವಕೀಲರಿಗೆ.

ಶುರು ಮಾಡೋಕ್ ಮುಂಚೆ ಒಂದು ಮಾತು, ಉಳಿದಿದ್ದೆಲ್ಲ ಇದರ ಮೇಲೇ ನಿಂತಿದೆ. ಪತ್ರದ ಮೇಲೆ ವಿಳಾಸ ವಕೀಲರದ್ದೇ ಇರ್ಬೋದು, ಆದ್ರೆ ಅವರು ಅದನ್ನ ತಮ್ಮ ಕಕ್ಷಿದಾರರನ್ನ ಕರೆಸಿ, ಎದುರಿಗೆ ಕೂರಿಸಿ, ಓದಿ ಹೇಳ್ತಾರೆ. ಒಪ್ಪೋದು ಬಿಡೋದು ಆ ಕೇಳಿಸ್ಕೊಳ್ಳೋರು. ಹಾಗಾಗಿ ಪ್ರತಿ ಸಾಲು ಬರೆಯುವಾಗಲೂ ಅವರ ಕಿವಿಗೆ ಇದು ಹೇಗೆ ಬೀಳತ್ತೆ ಅಂತ ನೋಡ್ಕೊಳ್ಳಿ.

1. ಯಾರು ಯಾರಿಗೆ ಬರೀಬೇಕು

ಎರಡೂ ಕಡೆ ವಕೀಲರಿದ್ರೆ ಪತ್ರ ವಕೀಲರಿಂದ ವಕೀಲರಿಗೇ ಹೋಗ್ಬೇಕು. ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಡತೆ ನಿಯಮಗಳಲ್ಲಿ 34ನೇ ನಿಯಮ ಇದನ್ನೇ ಹೇಳತ್ತೆ, ಎದುರು ಕಕ್ಷಿದಾರರಿಗೆ ವಕೀಲರಿದ್ದಾಗ ವಿವಾದದ ವಿಷಯ ಅವರ ಜೊತೆ ನೇರವಾಗಿ ಮಾತಾಡೋ ಹಾಗಿಲ್ಲ, ಅವರ ವಕೀಲರ ಮೂಲಕವೇ ಮಾತಾಡ್ಬೇಕು. ಜೂನಿಯರ್‌ಗಳು ಉತ್ಸಾಹದಲ್ಲಿ "ಅಕ್ಕಾ, ನಾನು ನಿಮ್ಮ ಅಣ್ಣನ ಲಾಯರ್ ಮಾತಾಡ್ತಿರೋದು" ಅಂತ ಫೋನ್ ಮಾಡಿಬಿಡ್ತಾರೆ, ದಯವಿಟ್ಟು ಮಾಡ್ಬೇಡಿ.

ಅಣ್ಣ ತಂಗಿ ತಾವೇ ಕೂತು ಮಾತಾಡ್ಕೊಳ್ಳೋದಕ್ಕೆ ಅಡ್ಡಿ ಇಲ್ಲ, ಆಗ್ಲಿ, ಒಳ್ಳೇದೇ. ಆದ್ರೆ ಅಲ್ಲೇ ಪೇಪರ್ ತೆಗೆದು ಸಹಿ ಹಾಕೋದು, ವಾಟ್ಸಾಪಲ್ಲಿ ಮೊತ್ತ ಟೈಪ್ ಮಾಡಿ ಕಳಿಸೋದು ಬೇಡ. ಆ ಮೆಸೇಜು ನಾಳೆ ಕೋರ್ಟಿಗೆ ದಾಖಲೆಯಾಗಿ ಬರ್ಬೋದು.

2. ಅಧಿಕಾರ ಬರಹದಲ್ಲಿ ಇರ್ಲಿ, ಎಲ್ಲರೂ ಲೆಕ್ಕದಲ್ಲಿ ಇರ್ಲಿ

ವಕಾಲತ್ತಿಗೆ (ನಮ್ಮ ಪರ ಕೇಸ್ ನಡೆಸಿ ಅಂತ ವಕೀಲರಿಗೆ ಕೊಡೋ ಪತ್ರ) ಸಹಿ ಹಾಕಿದಾರೆ ಅಂದ್ರೆ ರಾಜಿ ಮಾಡೋಕೂ ಒಪ್ಪಿದಾರೆ ಅಂತ ಅಂದ್ಕೋಬೇಡಿ. ಕಕ್ಷಿದಾರರ ಸ್ಪಷ್ಟ ಒಪ್ಪಿಗೆ ಇಲ್ದೆ ವಕೀಲರು ಅವರ ಹಕ್ಕು ಬಿಟ್ಟುಕೊಡೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಇಷ್ಟು ಜಮೀನು, ಇಷ್ಟು ದುಡ್ಡು, ಈ ಷರತ್ತು, ಇದಕ್ಕೆ ನಮ್ಮ ಒಪ್ಪಿಗೆ ಇದೆ ಅಂತ ಒಂದು ಪುಟ ಬರೆಸಿ ಇಬ್ಬರೂ ಅಣ್ಣಂದಿರ ಸಹಿ ತಗೊಂಡು ಫೈಲಲ್ಲಿ ಇಡಿ. ದೊಡ್ಡಣ್ಣ "ತಮ್ಮ ನನ್ನ ಮಾತು ಮೀರಲ್ಲ" ಅಂದ್ರೂ ತಮ್ಮನ್ನ ಕರೆಸಿ ಅವನ ಬಾಯಿಂದಲೇ ಕೇಳಿ.

ಯಾರಾದ್ರೂ ಬಿಟ್ಟುಹೋಗಿದಾರಾ ಅಂತಲೂ ನೋಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 2005ರ ತಿದ್ದುಪಡಿ ಮತ್ತೆ ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮ ತೀರ್ಪು ಆದ್ಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು, ಅಪ್ಪ 2005ಕ್ಕಿಂತ ಮೊದಲೇ ತೀರ್ಕೊಂಡಿದ್ರೂ ಸರಿ. (20-12-2004ಕ್ಕಿಂತ ಮುಂಚೆ ರಿಜಿಸ್ಟರ್ ಆಗಿರೋ ವಿಭಾಗ ಪತ್ರ ಅಥವಾ ಕೋರ್ಟ್ ಡಿಕ್ರಿ ಇದ್ರೆ ಅದು ಬೇರೆ ಮಾತು.) ದೂರದೂರಿಗೆ ಮದುವೆಯಾಗಿ ಹೋದ ಇನ್ನೊಬ್ಬ ಅಕ್ಕ ಇದ್ದು, ಅವರನ್ನ ಪಾರ್ಟಿನೇ ಮಾಡಿಲ್ಲ ಅಂದ್ರೆ ನೀವು ಮಾಡ್ಕೊಳ್ಳೋ ರಾಜಿ ಅವರನ್ನ ಕಟ್ಟಿಹಾಕಲ್ಲ, ಐದು ವರ್ಷ ಬಿಟ್ಟು ಅವರದ್ದೊಂದು ಹೊಸ ದಾವೆ ಬರತ್ತೆ. ಇನ್ನು ತೀರ್ಕೊಂಡ ಮಗನ ಚಿಕ್ಕ ಮಕ್ಕಳು, ಅಂದ್ರೆ 18 ತುಂಬದೇ ಇರೋರು ಪಾರ್ಟಿ ಆಗಿದ್ರೆ, ಅವರ ಪರವಾಗಿ ರಾಜಿ ಆಗೋಕೆ ಕೋರ್ಟಿನ ಅನುಮತಿ ಬೇಕೇ ಬೇಕು, ಅದು ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶ 7ನೇ ನಿಯಮ.

3. ಕಾಗದ ಎದುರಿಗೆ ಇಟ್ಕೊಂಡು ಲೆಕ್ಕ ಹಾಕಿ

ದಾವಾ ಪತ್ರದ ಷೆಡ್ಯೂಲ್ (ಯಾವ್ಯಾವ ಆಸ್ತಿ ಅಂತ ಇರೋ ಪಟ್ಟಿ), ಈ ವರ್ಷದ ಪಹಣಿ, ಮ್ಯುಟೇಶನ್ (ಕಂದಾಯ ದಾಖಲೆಯಲ್ಲಿ ಹೆಸರು ಬದಲಾವಣೆ) ನಕಲು, ಮನೆಯ ಖಾತೆ, ಇಷ್ಟನ್ನ ಮೊದಲು ತರಿಸಿ. ಪಹಣಿಯಲ್ಲಿ ಎಲ್ಲರೂ 9ನೇ ಕಾಲಂ ನೋಡಿ, ಅಂದ್ರೆ ಮಾಲೀಕರ ಹೆಸರು ನೋಡಿ ಮಡಚಿ ಇಟ್ಟುಬಿಡ್ತಾರೆ. 11ನೇ ಕಾಲಂ ನೋಡಿ, ಸೊಸೈಟಿ ಸಾಲ ಬ್ಯಾಂಕ್ ಸಾಲ ಕೂತಿರೋದು ಅಲ್ಲೇ. ಸಾಲ ಇರೋ ತುಂಡನ್ನ ತಂಗಿಗೆ ಬರೆದುಕೊಡ್ತೀವಿ ಅಂತ ಪತ್ರ ಹಾಕಿ, ಅವರ ವಕೀಲರು ಪಹಣಿ ತೆಗೆಸಿ ನೋಡಿದ್ರೆ ಅಲ್ಲಿಗೆ ನಂಬಿಕೆ ಹೋಯ್ತು, ಆಮೇಲೆ ನೀವು ಏನು ಬರೆದ್ರೂ ಅನುಮಾನದಲ್ಲೇ ಓದ್ತಾರೆ.

ಜಮೀನು ಮಂಜೂರಾತಿಯದ್ದಾ ಅಂತಲೂ ನೋಡಿ. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನಾಗಿದ್ರೆ ಅಂಥ ಜಮೀನಿನ ಪರಭಾರೆ ತಡೆಯೋ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಅಡ್ಡ ಬರ್ಬೋದು. ರಾಜಿ ಅಂದ ಮಾತ್ರಕ್ಕೆ ಕಾನೂನು ಬೇಡ ಅಂದಿದ್ದನ್ನ ಮಾಡೋಕಾಗಲ್ಲ, ರಾಜಿಯ ಒಪ್ಪಂದ ಕಾನೂನುಬದ್ಧವಾಗಿದ್ರೆ ಮಾತ್ರ ಕೋರ್ಟ್ ದಾಖಲು ಮಾಡ್ಕೊಳ್ಳತ್ತೆ.

ಈಗ ಲೆಕ್ಕ. 3 ಎಕರೆ 30 ಗುಂಟೆ ಅಂದ್ರೆ 150 ಗುಂಟೆ, ಮೂರು ಪಾಲು, ತಲಾ 50 ಗುಂಟೆ, ಅಂದ್ರೆ 1 ಎಕರೆ 10 ಗುಂಟೆ. ಕೋರ್ಟಲ್ಲಿ ತಂಗಿ ಗೆದ್ರೆ ಸಿಗೋದು ಅಷ್ಟು ಮತ್ತೆ ಮನೆಯಲ್ಲಿ ಮೂರನೇ ಒಂದು. ಇದಕ್ಕಿಂತ ತೀರಾ ಕಡಿಮೆ ಹೇಳಿ "ರಾಜಿ" ಅಂತ ಕರೆದ್ರೆ ಯಾರೂ ಒಪ್ಪಲ್ಲ, ಒಪ್ಪಲೂಬಾರದು. ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೊಟ್ಟು ಸಹಿ ಹಾಕಿಸ್ಕೊಳ್ಳೋ ಕಾಲ ಮುಗೀತು ಅಂತ ನಾನು ನನ್ನ ಕಕ್ಷಿದಾರರಿಗೆ ನೇರವಾಗಿ ಹೇಳ್ತೀನಿ. ಅಣ್ಣಂದಿರು ಬೋರ್ ಕೊರೆಸಿದಾರೆ, ತೆಂಗು ಹಾಕಿದಾರೆ ಅಂದ್ರೆ ಅದನ್ನೂ ಲೆಕ್ಕಕ್ಕೆ ತಗೋಬೋದು, ಖರ್ಚಿಗೆ ರಸೀದಿ ಇದ್ರೆ ಜೋಡಿಸಿ ಇಡಿ.

ಎಲ್ಲಿವರೆಗೆ ಇಳೀಬೋದು, ಎಲ್ಲಿಗೆ ನಿಲ್ಲಿಸ್ಬೇಕು ಅನ್ನೋ ಕೊನೆ ಅಂಕಿನ ಕಕ್ಷಿದಾರರ ಜೊತೆ ಮೊದಲೇ ಗೊತ್ತು ಮಾಡ್ಕೊಳ್ಳಿ, ಆದ್ರೆ ಪತ್ರದಲ್ಲಿ ಬರೀಬೇಡಿ.

4. ಮೇಲಿನ ಆ ಒಂದು ಸಾಲು

ಇಂಗ್ಲಿಷ್ ಪತ್ರಗಳ ಮೇಲೆ "ವಿದೌಟ್ ಪ್ರೆಜುಡೀಸ್" ಅಂತ ಇರತ್ತಲ್ಲ, ಅದು. ಅರ್ಥ ಇಷ್ಟೇ, ರಾಜಿ ಆಗ್ಲಿ ಅಂತ ಈ ಮಾತು ಹೇಳ್ತಿದೀನಿ, ರಾಜಿ ಆಗ್ದೇ ಹೋದ್ರೆ ಇದನ್ನೇ ಹಿಡ್ಕೊಂಡು "ನೋಡಿ ಒಪ್ಕೊಂಡಿದಾರೆ" ಅಂತ ಕೋರ್ಟಲ್ಲಿ ತೋರಿಸ್ಬಾರದು. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 21ನೇ ಕಲಂ (ಹಳೇ ಸಾಕ್ಷ್ಯ ಕಾಯ್ದೆಯಲ್ಲಿ 23) ಸಿವಿಲ್ ಕೇಸುಗಳಲ್ಲಿ ಈ ರಕ್ಷಣೆ ಕೊಡತ್ತೆ, ಸಾಕ್ಷ್ಯವಾಗಿ ಹಾಜರುಪಡಿಸಬಾರದು ಅನ್ನೋ ಸ್ಪಷ್ಟ ಷರತ್ತಿನ ಮೇಲೆ ಮಾಡಿದ ಒಪ್ಪಿಗೆ ಲೆಕ್ಕಕ್ಕೆ ಬರಲ್ಲ. ಬರೀ ಎರಡು ಇಂಗ್ಲಿಷ್ ಪದ ಹಾಕಿ ಬಿಡೋ ಬದಲು ಷರತ್ತನ್ನೇ ಕನ್ನಡದಲ್ಲಿ ಪೂರ್ತಿ ಬರೀರಿ.

ಇಲ್ಲಿ ಗಮನಿಸಿ. ಕೇಸ್ ಸಾಲದ್ದಾಗಿದ್ರೆ "ನಾನು 4 ಲಕ್ಷ ಕೊಡಬೇಕಾಗಿರೋದು ನಿಜ, ಆದ್ರೆ ಈಗ ಆಗಲ್ಲ" ಅನ್ನೋ ಥರದ ವಾಕ್ಯ ಬೇಡವೇ ಬೇಡ. 1963ರ ಕಾಲಮಿತಿ ಕಾಯ್ದೆಯ 18ನೇ ಕಲಂ ಪ್ರಕಾರ, ಕಾಲಮಿತಿ (ದಾವೆ ಹಾಕೋಕೆ ಇರೋ ಗಡುವು) ಮುಗಿಯೋ ಮುಂಚೆ ಸಹಿ ಮಾಡಿ ಬರಹದಲ್ಲಿ ಸಾಲ ಒಪ್ಕೊಂಡ್ರೆ ಆ ದಿನದಿಂದ ಹೊಸದಾಗಿ ಲೆಕ್ಕ ಶುರು. ಅಧಿಕಾರ ಕೊಟ್ಟಿರೋ ವಕೀಲರು ಸಹಿ ಮಾಡಿದ್ರೂ ಅಷ್ಟೇ. "ಕೊಡಬೇಕಾದ್ದು ಇದೆಯೋ ಇಲ್ಲವೋ ಅನ್ನೋ ಚರ್ಚೆಗೆ ಹೋಗದೆ, ವಿವಾದ ಮುಗಿಸೋ ದೃಷ್ಟಿಯಿಂದ ಇಷ್ಟು ಕೊಡಲು ಸಿದ್ಧ" ಅಂತ ಬರೀರಿ. ಇನ್ನು ದುಡ್ಡು ಬರ್ಬೇಕಾದವರು ಇದನ್ನ ತಿಳ್ಕೊಳ್ಳಿ, ರಾಜಿ ಮಾತು ನಡೀತಿದೆ ಅಂತ 3 ವರ್ಷದ ಗಡುವು ನಿಮಗೋಸ್ಕರ ನಿಲ್ಲಲ್ಲ, ದಾವೆ ಇನ್ನೂ ಹಾಕಿಲ್ಲ ಅಂದ್ರೆ ಮಾತಾಡ್ತಾ ಮಾತಾಡ್ತಾ ದಿನ ದಾಟಿಸ್ಬೇಡಿ.

5. ಪತ್ರ ಬರೆಯೋದು

ಒಂದೇ ಪುಟ, ಹೆಚ್ಚಂದ್ರೆ ಒಂದೂವರೆ. ಕೇಸಿನ ಇತಿಹಾಸ ಬೇಡ, ಅದು ಅವರಿಗೂ ಗೊತ್ತು. ಯಾರು ಅಪ್ಪನ್ನ ಆಸ್ಪತ್ರೆಗೆ ಕರ್ಕೊಂಡು ಹೋದ್ರು, ಯಾರು ತಿಥಿಗೆ ಬರ್ಲಿಲ್ಲ, ಯಾವುದೂ ಬೇಡ.

ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಒಂದು ಸಲ ನಾನು ತಂಗಿಯ ಪರ ಇದ್ದೆ, ಎದುರು ಕಡೆಯಿಂದ ಮೂರು ಪುಟದ ರಾಜಿ ಪತ್ರ ಬಂತು. ಆಯಮ್ಮ ಮಗನ ಜೊತೆ ಬಂದು ಬೆಂಚಿನ ತುದೀಲಿ ಕೂತಿದ್ರು, ನಾನು ಓದ್ತಾ ಹೋದೆ. ಎರಡನೇ ಪ್ಯಾರಾದಲ್ಲಿ "ನಿಮ್ಮ ಕಕ್ಷಿದಾರರು ದುರಾಸೆಯಿಂದ" ಅಂತ ಇತ್ತು. "ದುರಾಸೆ ಅಂದ್ನಾ ನಮ್ಮಣ್ಣ?" ಅಂದ್ರು, ಚೀಲ ತಗೊಂಡು ಎದ್ದುಬಿಟ್ರು. ಮೂರನೇ ಪುಟದಲ್ಲಿ ಒಳ್ಳೇ ಮೊತ್ತನೇ ಇತ್ತು, ಅದನ್ನ ಅವರು ಕೇಳಿಸ್ಕೊಳ್ಳಲೇ ಇಲ್ಲ. ಆ ಪದ ಅಣ್ಣ ಹೇಳಿದ್ದೋ ವಕೀಲರು ಸೇರಿಸಿದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಸ್ ಆಮೇಲೆ ನಾಲ್ಕು ವರ್ಷ ನಡೀತು.

ಹಾಗಾಗಿ ಕೊಡೋದೇನು ಅನ್ನೋದು ಮೊದಲ ಪುಟದಲ್ಲೇ ಬರ್ಲಿ. "ಸುಳ್ಳು ದಾವೆ", "ಕಬಳಿಸಿ", "ದುರುದ್ದೇಶ", ಈ ನೋಟಿಸ್ ಭಾಷೆ ಪೂರ್ತಿ ಬಿಡಿ. "ಒಪ್ಪದಿದ್ರೆ ಕ್ರಿಮಿನಲ್ ಕೇಸ್ ಹಾಕ್ತೀವಿ" ಅನ್ನೋ ಬೆದರಿಕೆ ಅಂತೂ ಎಂದಿಗೂ ಬೇಡ, ರಾಜಿ ಹಾಳಾಗೋದಲ್ದೆ ಅದು ನಿಮ್ಮ ಮೇಲೇ ತಿರುಗ್ಬೋದು.

ಒಂದು ಮಾದರಿ ಕೊಡ್ತೀನಿ, ಅಂಕಿಗಳು ಲೆಕ್ಕಕ್ಕೆ ಅಂತ ಇಟ್ಟಿರೋದು, ನಿಮ್ಮದಕ್ಕೆ ತಕ್ಕ ಹಾಗೆ ಬದಲಾಯಿಸ್ಕೊಳ್ಳಿ.

*ಗೆ,*
*ವಾದಿಯ ಪರ ವಕೀಲರು*

*ವಿಷಯ: ಓ.ಎಸ್. ನಂ. ____ , ಸಿವಿಲ್ ನ್ಯಾಯಾಲಯ, ____. ರಾಜಿ ಪ್ರಸ್ತಾಪದ ಕುರಿತು.*

*ಹಕ್ಕುಗಳಿಗೆ ಬಾಧೆಯಿಲ್ಲದಂತೆ, ರಾಜಿ ಮಾತುಕತೆಯ ಉದ್ದೇಶಕ್ಕೆ ಮಾತ್ರ*

*ಮಾನ್ಯರೇ,*

*ಮೇಲ್ಕಂಡ ದಾವೆಯ 1 ಮತ್ತು 2ನೇ ಪ್ರತಿವಾದಿಗಳ ಲಿಖಿತ ಸೂಚನೆಯಂತೆ ಈ ಪತ್ರ ಬರೆಯುತ್ತಿದ್ದೇನೆ. ಈ ಪತ್ರವನ್ನಾಗಲಿ ಇದಕ್ಕೆ ಬರುವ ಉತ್ತರವನ್ನಾಗಲಿ ಯಾವ ಪಕ್ಷಕಾರರೂ ಸಾಕ್ಷ್ಯವಾಗಿ ಹಾಜರುಪಡಿಸತಕ್ಕದ್ದಲ್ಲ ಎಂಬ ಷರತ್ತಿಗೆ ಒಳಪಟ್ಟು ಈ ಪ್ರಸ್ತಾಪ ಮಾಡಲಾಗಿದೆ.*

*ಪಕ್ಷಕಾರರು ಒಡಹುಟ್ಟಿದವರು. ವಿವಾದವನ್ನು ಪರಸ್ಪರ ಒಪ್ಪಿಗೆಯಿಂದ ಮುಗಿಸುವ ಇಚ್ಛೆಯಿಂದ ನನ್ನ ಕಕ್ಷಿದಾರರು ಹೀಗೆ ಸೂಚಿಸುತ್ತಾರೆ:*

*ಅ) 'ಎ' ಷೆಡ್ಯೂಲ್ ಜಮೀನಿನಲ್ಲಿ ರಸ್ತೆಗೆ ಹೊಂದಿಕೊಂಡ ಪೂರ್ವ ಭಾಗದ 1 ಎಕರೆ (ಲಗತ್ತಿಸಿದ ನಕ್ಷೆಯಲ್ಲಿ ಕೆಂಪು ಗೆರೆಯಿಂದ ಗುರುತಿಸಿದ್ದು) ವಾದಿಯ ಪಾಲಿಗೆ ಬರುವುದು.*

*ಆ) ಉಳಿದ 10 ಗುಂಟೆ ಹಾಗೂ 'ಬಿ' ಷೆಡ್ಯೂಲ್ ಮನೆಯ ಪಾಲಿಗೆ ಬದಲಾಗಿ ರೂ. 9,00,000. ಇದರಲ್ಲಿ ರೂ. 5,00,000 ಅನ್ನು ರಾಜಿ ಅರ್ಜಿ ದಾಖಲಾಗುವ ದಿನ ನ್ಯಾಯಾಲಯದಲ್ಲೇ ಡಿ.ಡಿ. ಮೂಲಕ, ಉಳಿದ ರೂ. 4,00,000 ಅನ್ನು ಆ ದಿನದಿಂದ 3 ಮತ್ತು 6 ತಿಂಗಳ ಕೊನೆಯಲ್ಲಿ ಎರಡು ಸಮ ಕಂತುಗಳಲ್ಲಿ ಪಾವತಿಸುವುದು.*

*ಇ) ಕೊಳವೆ ಬಾವಿಯಿಂದ ವಾದಿಯ ಪಾಲಿನ ಜಮೀನಿಗೆ ವಾರದಲ್ಲಿ 2 ದಿನ ನೀರು ಬಿಡುವುದು.*

*ಈ) ಸರ್ವೆ ಮತ್ತು ಸ್ಟಾಂಪ್ ವೆಚ್ಚ ಪ್ರತಿವಾದಿಗಳದ್ದು.*

*ರಾಜಿ ಪತ್ರಕ್ಕೆ ಎಲ್ಲ ಪಕ್ಷಕಾರರು ಸಹಿ ಮಾಡುವವರೆಗೆ ಇದು ಯಾರಿಗೂ ಬಂಧನಕಾರಿಯಲ್ಲ. ಈ ಪತ್ರ ತಲುಪಿದ 21 ದಿನಗಳೊಳಗೆ ತಿಳಿಸಿದಲ್ಲಿ ಪಕ್ಷಕಾರರ ಸಮ್ಮುಖದಲ್ಲಿ ಕುಳಿತು ಚರ್ಚಿಸಲು ನಾವು ಸಿದ್ಧ. ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಲು ಜಂಟಿಯಾಗಿ ಕೋರುವುದಕ್ಕೂ ನಮ್ಮ ಒಪ್ಪಿಗೆಯಿದೆ.*

ಇದರಲ್ಲಿ ನೋಡಿ, "ಪೂರ್ವ ಭಾಗದ 1 ಎಕರೆ" ಅಂತ ಬರೆದು ಬಿಟ್ಟಿಲ್ಲ, ನಕ್ಷೆ ಇದೆ. ಕೈನಕ್ಷೆ ಆದ್ರೂ ಸರಿ, ರಸ್ತೆ ಎಲ್ಲಿ, ಬೋರ್ ಎಲ್ಲಿ, ಬದು ಎಲ್ಲಿ ಅಂತ ಹಾಕಿ. ಎಲ್ಲಾ ಮಾತು ಮುಗಿದು ಸರ್ವೆಯರ್ ಚೈನ್ ಹಿಡಿದ ದಿನ ರಸ್ತೆ ಕಡೆಯ ತುಂಡು ಯಾರಿಗೆ ಅಂತ ಜಗಳ ಆಗಿ ಮುರಿದುಬಿದ್ದ ರಾಜಿಗಳು ಬೇಕಾದಷ್ಟಿವೆ. ನೀರಿನ ಸಾಲೂ ಹಾಗೇ, ಜಮೀನು ಕೊಟ್ಟು ನೀರು ಕೊಡ್ದಿದ್ರೆ ಆ ಒಂದು ಎಕರೆ ತಗೊಂಡು ಅವರು ಏನು ಬೆಳೀಬೇಕು? ಕರೆಂಟ್ ಬಿಲ್ಲು, ಮೋಟರ್ ರಿಪೇರಿ ಯಾರ ಪಾಲಿಗೆ ಎಷ್ಟು ಅನ್ನೋದನ್ನ ಕೂತು ಮಾತಾಡುವಾಗ ಸೇರಿಸ್ಕೊಳ್ಳಿ. 21 ದಿನದ ಗಡುವು ಅವಸರ ಮಾಡೋಕಲ್ಲ, ಗಡುವು ಇಲ್ದೇ ಇದ್ರೆ ಪತ್ರ ಫೈಲಲ್ಲೇ ಮಲಗಿಬಿಡತ್ತೆ.

6. ಕಳಿಸೋದು

ಕೋರ್ಟಲ್ಲಿ ಸಿಕ್ಕಾಗ ಕೈಗೆ ಕೊಟ್ಟು ನಕಲಿನ ಮೇಲೆ ಸಹಿ, ತಾರೀಖು ಹಾಕಿಸ್ಕೊಳ್ಳೋದು ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೇದು, ಜೊತೆಗೆ "ಸಾರ್, ನಮ್ಮೋರು ಮನಸಾರೆ ಬಂದಿದಾರೆ, ಒಂದ್ಸಲ ಅವರಿಗೆ ಪೂರ್ತಿ ಓದಿ ಹೇಳಿ" ಅಂತ ಬಾಯಲ್ಲೂ ಹೇಳ್ಬೋದು. ಆಗ್ದಿದ್ರೆ ಇಮೇಲ್ ಮತ್ತೆ ಸ್ಪೀಡ್ ಪೋಸ್ಟ್ ಎರಡೂ ಮಾಡಿ (2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನ ಅಂಚೆ ಇಲಾಖೆ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದೆ). ಈ ಪತ್ರದ ನಕಲನ್ನ ಕೋರ್ಟ್ ಫೈಲಿಗೆ ಹಾಕ್ಬೇಡಿ, ಮೆಮೋ ಜೊತೆ ಲಗತ್ತಿಸಿ ಜಡ್ಜ್ ಮುಂದೆ ಇಟ್ಟುಬಿಟ್ರೆ 4ನೇ ಹಂತದಲ್ಲಿ ಬರೆದ ಷರತ್ತಿಗೆ ಅರ್ಥವೇ ಇರಲ್ಲ.

7. ಕೇಸ್ ನಡೀತಾನೇ ಇರ್ಲಿ

ಜನ ಜಾಸ್ತಿ ಎಡವೋದು ಇಲ್ಲಿ. "ರಾಜಿ ಮಾತು ನಡೀತಿದೆಯಲ್ಲ" ಅಂತ ತಾರೀಖಿಗೆ ಹೋಗಲ್ಲ, ಪ್ರತಿವಾದ ಪತ್ರ, ಅಂದ್ರೆ ದಾವೆಗೆ ನಮ್ಮ ಲಿಖಿತ ಉತ್ತರ, ಅದನ್ನೂ ಹಾಕಲ್ಲ. ಸಮನ್ಸ್ ಸಿಕ್ಕಿ 30 ದಿನ, ಕೋರ್ಟ್ ಅವಕಾಶ ಕೊಟ್ರೆ 90 ದಿನದವರೆಗೆ, ಅಷ್ಟರಲ್ಲಿ ಅದು ಬರ್ಬೇಕು. ಬರ್ದೇ ಇದ್ರೆ ಏಕಪಕ್ಷೀಯವಾಗಿ ಕೇಸ್ ಮುಂದಕ್ಕೆ ಹೋಗತ್ತೆ. ಪತ್ರ ಒಂದು ಕಡೆ, ಕೇಸ್ ಒಂದು ಕಡೆ, ಎರಡೂ ಹೋಗ್ತಿರ್ಲಿ. ಬೇಕಿದ್ರೆ ಎರಡೂ ಕಡೆಯವರು ಸೇರಿ ರಾಜಿಗೆ ಅಂತ ಒಂದು ತಾರೀಖು ಕೇಳ್ಬೋದು, ಇಲ್ಲ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ ಪ್ರಕಾರ ಮಧ್ಯಸ್ಥಿಕೆಗೆ ಕಳಿಸಿ ಅಂತ ಕೇಳ್ಬೋದು. ಬೆಂಗಳೂರಲ್ಲಿ ನ್ಯಾಯದೇಗುಲ ಕಟ್ಟಡದ ಮಧ್ಯಸ್ಥಿಕೆ ಕೇಂದ್ರ 2007ರಿಂದ ನಡೀತಿದೆ, ಜಿಲ್ಲೆ ತಾಲ್ಲೂಕುಗಳಲ್ಲಿ ಕಾನೂನು ಸೇವಾ ಪ್ರಾಧಿಕಾರ, ಸಮಿತಿ ಮೂಲಕ ಕೇಳಿ.

ಇನ್ನೊಂದು ಮೋಸ ಹೋಗೋ ಜಾಗ, "ನೀವು ಮೊದಲು ಕೇಸ್ ವಾಪಸ್ ತಗೊಳ್ಳಿ, ಆಮೇಲೆ ದುಡ್ಡು ಕೊಡ್ತೀವಿ". ದಾವೆ ಹಾಕಿದ ಕಡೆಯವರು ಇದಕ್ಕೆ ಒಪ್ಪಲೇಬೇಡಿ. ಹೊಸ ದಾವೆ ಹಾಕೋ ಅನುಮತಿ ಕೋರ್ಟಿಂದ ತಗೊಳ್ದೆ ವಾಪಸ್ ತಗೊಂಡ್ರೆ ಅದೇ ವಿಷಯಕ್ಕೆ ಮತ್ತೆ ಬರೋಕೆ ದೊಡ್ಡ ಅಡ್ಡಿ ಆಗತ್ತೆ.

8. ಒಪ್ಪಿಗೆ ಬಂದ್ಮೇಲೆ

ಫೋನಲ್ಲಿ "ಆಯ್ತು" ಅಂದ್ರೆ ಆಗ್ಲಿಲ್ಲ. ಅದೇ ಸಂಹಿತೆಯ 23ನೇ ಆದೇಶ 3ನೇ ನಿಯಮದಡಿ ರಾಜಿ ಅರ್ಜಿ ಬರೆದು, ಎಲ್ಲರ ಸಹಿ ಹಾಕಿಸಿ, ಕೋರ್ಟಿಗೆ ಕೊಟ್ಟು, ಅದರ ಪ್ರಕಾರ ಡಿಕ್ರಿ ಆಗ್ಬೇಕು. ವಕೀಲರ ಸಹಿ ಸಾಕು ಅಂತ ಬಿಡ್ಬೇಡಿ, ಪಕ್ಷಕಾರರನ್ನ ಕೋರ್ಟಿಗೆ ಕರ್ಕೊಂಡು ಬನ್ನಿ, ಜಡ್ಜ್ ಕೇಳಿದಾಗ ಅವರೇ ಒಪ್ಪಿಗೆ ಹೇಳ್ಲಿ. ಲೋಕ ಅದಾಲತ್‌ನಲ್ಲಿ ಮಾಡ್ಕೊಂಡ್ರೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರತ್ತೆ, ಅಪೀಲೂ ಇರಲ್ಲ. ಆಸ್ತಿ ಎಲ್ಲರ ಜಂಟಿ ಸ್ವಾಧೀನದಲ್ಲಿದೆ ಅಂತ ಹೇಳಿ ಹಾಕಿರೋ ಪಾಲಿನ ದಾವೆಲಿ ಫೀ ಕಡಿಮೆನೇ ಇರತ್ತೆ, ಹಣದ ದಾವೆ ಆದ್ರೆ ಅದು ದೊಡ್ಡ ಮೊತ್ತ.

ಅರ್ಜಿ ಬರೆಯುವಾಗ ಮೂರು ವಿಷಯ ಮರೀಬೇಡಿ. ಕಂತು ತಪ್ಪಿದ್ರೆ ಏನು ಅನ್ನೋದು, ಬಡ್ಡಿ ಎಷ್ಟು, ಉಳಿದದ್ದೆಲ್ಲ ಒಟ್ಟಿಗೆ ವಸೂಲಿ ಆಗತ್ತಾ, ಅದು ಇರ್ಲೇಬೇಕು, ಹಾಗಿದ್ರೆ ಹೊಸ ದಾವೆ ಬೇಡ, ನೇರ ಅಮಲ್ಜಾರಿಗೆ ಹೋಗ್ಬೋದು, ಅಂದ್ರೆ ಡಿಕ್ರಿ ಜಾರಿ ಮಾಡ್ಸೋ ಅರ್ಜಿ. ಎರಡನೇದು, ದಾವಾ ಷೆಡ್ಯೂಲಲ್ಲಿ ಇಲ್ಲದ ಆಸ್ತಿನ ರಾಜಿಗೆ ಸೇರಿಸಿದ್ರೆ ("ಪೇಟೆ ಸೈಟೂ ತಂಗಿಗೇ ಇರ್ಲಿ" ಅಂತ ಕೊನೆ ಗಳಿಗೆಯಲ್ಲಿ ಬರತ್ತೆ) ಆ ಡಿಕ್ರಿನ ರಿಜಿಸ್ಟರ್ ಮಾಡಿಸ್ಬೇಕಾಗತ್ತೆ, ನೋಂದಣಿ ಕಾಯ್ದೆ 17ನೇ ಕಲಂ ನೋಡಿ. ಮೂರನೇದು, ವಿಭಾಗದ ಅಂತಿಮ ಡಿಕ್ರಿನ ಸ್ಟಾಂಪ್ ಪೇಪರ್ ಮೇಲೆ ಬರೆಸ್ಬೇಕು, ಆ ಖರ್ಚು ಯಾರದು ಅಂತ ಪತ್ರದಲ್ಲೇ ಹೇಳಿದ್ದನ್ನ ಇಲ್ಲೂ ಹಾಕಿ.

ಡಿಕ್ರಿಯ ದೃಢೀಕೃತ ನಕಲು ಕೈಗೆ ಬಂದ ವಾರದಲ್ಲೇ ಮ್ಯುಟೇಶನ್‌ಗೆ ಅರ್ಜಿ ಕೊಡಿ, ಸರ್ವೆ ಮಾಡಿಸಿ ಪೋಡಿ (ಸರ್ವೆ ನಂಬರನ್ನ ಪಾಲಿನ ಪ್ರಕಾರ ಬೇರೆ ಮಾಡೋದು) ಮಾಡಿಸಿ. ಹೊಸ ಪಹಣಿ ತೆಗೆಸಿ 9ನೇ ಕಾಲಂನಲ್ಲಿ ತಂಗಿಯ ಹೆಸರು, ಎದುರಿಗೆ 1 ಎಕರೆ ಅಂತ ಬಂದಿದೆಯಾ ನೋಡಿ, ಒಂದು ಪ್ರತಿ ಅವರ ಕೈಗೂ ಕೊಡಿ.